ಮಡಚಿದ ಕಾರ್ಡು

ನಾಲಿಗೆಯ ತುದಿಯಿಂದ ಮುಟ್ಟಿ ನೋಡಿಕೊಂಡಳು. ಹೊಸದಾಗಿ ತುಂಬಿಸಿದ ದವಡೆ ಹಲ್ಲು ನುಣ್ಣಗಿತ್ತು, ಒಂದಿಷ್ಟೂ ನೋವಿರಲಿಲ್ಲ, ಅದಕ್ಕೇ ಅವಳ ಮೈ ಉರಿಯಿತು. ನಿನ್ನೆ ಆಪರೇಷನ್ ಆಗಬೇಕಾಗಿದ್ದದ್ದು ಅಮ್ಮನಿಗೆ. ಪಿತ್ತಕೋಶದ ತುಂಬ ಕಲ್ಲು ಎಂದು ಡಾಕ್ಟರು ಹೇಳಿ, ದಿನ ಗೊತ್ತುಮಾಡಿ, ಹನಿ ನೀರೂ ಕುಡಿಯದೆ ಬನ್ನಿ ಎಂದು ಕಳಿಸಿದ್ದರು. ಹಾಗೇ ಒಣಗಿದ ಬಾಯಲ್ಲಿ ಬಂದು ಬೆಂಚಿನ ಮೇಲೆ ಕೂತ ಅಮ್ಮನ ಹೆಸರನ್ನು ಯಾರೂ ಕರೆಯಲೇ ಇಲ್ಲ. ಕೊನೆಗೆ ಅಣ್ಣ ಎದ್ದು ಹೋಗಿ ಕೇಳಿದಾಗ ಕೌಂಟರಿನವಳು ಕೀಲಿಮಣೆ ಕುಟ್ಟಿ, "ಇದು ರದ್ದಾಗಿದೆಯಲ್ಲ ಸರ್, ನಿಮ್ಮ ಕಡೆಯಿಂದಲೇ ಮಾಡಿದ್ದಾರೆ" ಅಂದಳು. ಆಸ್ಪತ್ರೆಯ ವೆಬ್ ಪುಟದಲ್ಲಿ ಮನೆಯವರ ವಿಷಯವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಇವಳೇ. ಅಮ್ಮನ ಆಪರೇಷನ್ನಿನ ದಿನವೇ ಅದೇ ಆಸ್ಪತ್ರೆಯಲ್ಲಿ ತನ್ನ ಹಲ್ಲಿನ ಡಾಕ್ಟರ ಸಮಯವೂ ಬಿದ್ದಿತ್ತೆಂದು, ಅಮ್ಮನ ಜೊತೆ ಇರಬೇಕೆಂದು, ತನ್ನದನ್ನು ರದ್ದು ಮಾಡಿದ್ದಳು. ತನ್ನದನ್ನು. "ನಾನು ರದ್ದು ಮಾಡಿದ್ದು ನನ್ನ ಹಲ್ಲಿಂದು" ಎಂದು ಬೆಂಚಿನಿಂದಲೇ ಗಟ್ಟಿಯಾಗಿ ಹೇಳಿದಳು. ಕೌಂಟರಿನವಳು ಉತ್ತರ ಕೊಟ್ಟದ್ದು ಅಣ್ಣನಿಗೆ: "ಅವರ ಹಲ್ಲಿಂದು ಹಾಗೇ ಇದೆ ಸರ್. ಪಾಪ, ಕಾಣಲ್ಲ ಅಲ್ವಾ? ಅವರ ಕೈಗೆ ಯಾಕೆ ಕೊಡ್ತೀರಿ ಇದೆಲ್ಲ?" ಅಣ್ಣ ಹೌದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದು ಅವಳ ಭುಜ ಮುಟ್ಟಿ, "ಹೋಗು, ಹಲ್ಲಾದರೂ ತೋರಿಸ್ಕೊಂಡು ಬಾ, ಬಂದಿದ್ದಕ್ಕೆ" ಅಂದ. ಅವಳು ಹೋದಳು. ಹೋಗಿ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು. ಈಗ ನೆನೆದರೆ ಅದೇ ಅವಳಿಗೆ ಹೇಸಿಗೆಯಾಗುತ್ತಿತ್ತು, ಆ ಬಾಯಿ ತೆರೆದದ್ದು.

ಬಸ್ಸಿನಲ್ಲಿ ಯಾರೋ ಎದ್ದು ಜಾಗ ಕೊಟ್ಟರು. ಕೊಟ್ಟರು ಅನ್ನುವುದಕ್ಕಿಂತ ತೋಳು ಹಿಡಿದು ಕೂರಿಸಿದರು ಅನ್ನಬೇಕು. ದಿನವೂ ಆಗುವುದೇ ಇದು, ದಿನವೂ "ಥ್ಯಾಂಕ್ಸ್" ಎಂದು ಕೂರುವವಳು ಇವತ್ತು ತೋಳು ಕೊಸರಿಕೊಂಡು ನಿಂತೇ ಇದ್ದಳು. "ಏನಮ್ಮಾ ಇಷ್ಟು ಜಂಬ" ಎಂದು ಗೊಣಗಿದ್ದು ಕೇಳಿಸಿತು. ಜಂಬವೇ ಸರಿ. ಹೈಸ್ಕೂಲಿನಲ್ಲಿದ್ದಾಗ ಕಣ್ಣು ಪೂರ್ತಿ ಹೋದ ಮೇಲೆ ಅವಳು ಕೂಡಿಟ್ಟುಕೊಂಡ ಆಸ್ತಿಯೆಂದರೆ ಇದೊಂದೇ. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾಳೆ, ಮನೆಯವರದನ್ನೂ ಮಾಡಿಕೊಡುತ್ತಾಳೆ, ಯಾರಿಗೂ ಭಾರವಲ್ಲ. ಅಮ್ಮನ ಔಷಧಿ ತರಿಸುವುದು, ಡಾಕ್ಟರ ಸಮಯ ಹಿಡಿಯುವುದು, ಮನೆಗೆ ಬರುವ ಗ್ಯಾಸಿನವನಿಂದ ಹಿಡಿದು ಕರೆಂಟಿನವರವರೆಗೆ ಎಲ್ಲರ ಜೊತೆ ಗುದ್ದಾಡುವುದು ಅವಳದೇ. ಮೇಲಿನ ಮಹಡಿಯಲ್ಲಿ ಸಂಸಾರ ಹೂಡಿರುವ ಅಣ್ಣ ಬೇಕಾದಾಗ ಕೆಳಗಿಳಿದು, "ಅದೊಂದು ಮಾಡಿಬಿಡೇ" ಎಂದು ಹೇಳಿ ಹೋಗುತ್ತಿದ್ದ. ಅದೇ ಅಣ್ಣ ನಿನ್ನೆ ಸಂಜೆ ಆಸ್ಪತ್ರೆಯ ಪುಟದ ಪಾಸ್‌ವರ್ಡ್ ಬದಲಾಯಿಸಿದ. ಹೇಳಿಯೇ ಬದಲಾಯಿಸಿದ, ಕದ್ದು ಮಾಡಲಿಲ್ಲ, ಅದಕ್ಕೇ ಇನ್ನೂ ಕೆಟ್ಟದಾಗಿತ್ತು. "ಬೇಜಾರು ಮಾಡ್ಕೋಬೇಡ, ಅಮ್ಮಂದು ಇನ್ಮೇಲೆ ನಾನು ನೋಡ್ಕೋತೀನಿ. ಆಟ ಅಲ್ಲ ಇದು, ಆರೋಗ್ಯದ ವಿಷಯ." ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವವರ ಮೆತ್ತನೆಯ ದನಿ ಅದು. ಅವಳಿಗೆ ಕೂಗಾಡಬೇಕೆನಿಸಿತು. ಆದರೆ ಒಳಗಿನ ಕೋಣೆಯಲ್ಲಿ ಅಮ್ಮ ಪಕ್ಕೆ ಹಿಡಿದುಕೊಂಡು ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ತಾನೇ ಹೊಣೆ ಇರಬಹುದು ಎಂಬ ಹೆದರಿಕೆಗೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರಾತ್ರಿಯೆಲ್ಲ ಬೆರಳು ಎಲ್ಲಿಟ್ಟೆ, ಪರದೆ ಓದಿ ಹೇಳುವ ಫೋನಿನ ಧ್ವನಿ ಏನು ಹೇಳಿತು ಎಂದು ನೆನಪು ಮಾಡಿಕೊಂಡಳು. ತನ್ನ ಹೆಸರು ಕೇಳಿದ್ದು ನಿಜ. ಅದರ ಕೆಳಗೆ "ರದ್ದು ಮಾಡಿ" ಎಂಬುದು ಕೇಳಿದ್ದು ನಿಜ. ಆ ಫೋನಿನಲ್ಲಿ ಒತ್ತುವ ರೀತಿಯಂತೆ ಅದರ ಮೇಲೆ ಎರಡು ಸಲ ತಟ್ಟಿದ್ದೂ ನಿಜ. ಇಷ್ಟೆಲ್ಲ ನಿಜವಾಗಿದ್ದರೂ ಎಲ್ಲೋ ತನ್ನದೇ ತಪ್ಪಿರಬೇಕು ಎಂದುಕೊಂಡೇ ಬೆಳಗು ಮಾಡಿದ್ದಳು.

ಅವಳ ಕೆಲಸವೇ ಪುಟಗಳನ್ನು ಕೇಳುವುದು. ಕಚೇರಿಯವರು ನಾನಾ ಸಂಸ್ಥೆಗಳಿಗೆ ವೆಬ್ ಪುಟ ಕಟ್ಟಿಕೊಡುತ್ತಿದ್ದರು. ಕಟ್ಟಿದ್ದನ್ನು ಪರದೆ ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ಇವಳು ಕಿವಿಯಿಂದ ಪರೀಕ್ಷಿಸಬೇಕು. ಎಲ್ಲಿ ಧ್ವನಿ ತಡವರಿಸುತ್ತದೆ, ಎಲ್ಲಿ ಗುಂಡಿಗೆ ಹೆಸರಿಲ್ಲ, ಎಲ್ಲಿ ಚಿತ್ರಕ್ಕೆ ಮಾತಿಲ್ಲ ಎಂದು ಪಟ್ಟಿ ಮಾಡಿ ಕೊಡಬೇಕು. ಲ್ಯಾಪ್‌ಟಾಪಿನ ಪರದೆಯ ಬೆಳಕನ್ನು ಅವಳು ಪೂರ್ತಿ ಇಳಿಸಿಟ್ಟಿರುತ್ತಿದ್ದಳು. ಹಾದುಹೋಗುವವರು ಕಪ್ಪು ಪರದೆಯ ಮುಂದೆ ಕೂತು ಬೆರಳಾಡಿಸುವವಳನ್ನು ಕಂಡು ನಿಂತು ಬಿಡುತ್ತಾರೆ ಎಂಬುದು ಅವರ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಆ ದಿನ ಕೊಟ್ಟಿದ್ದು ಯಾವುದೋ ಶಾಲೆಯ ಬಸ್ಸಿನ ಪುಟ. ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ಕಾರ್ಡು. ಒಂದು ಕಾರ್ಡು ತೆರೆದರೆ ಉಳಿದವು ಮಡಚಿಕೊಳ್ಳುತ್ತವೆ. ಪ್ರತಿ ಕಾರ್ಡಿನಲ್ಲೂ ಮಗುವಿನ ಹೆಸರು, ಕೆಳಗೆ "ಈ ವಾರ ಬಸ್ಸು ಬೇಡ" ಎಂಬ ಪದಗಳು, ಪಕ್ಕದಲ್ಲಿ ಗುರುತು ಹಾಕುವ ಪುಟ್ಟ ಚೌಕ. ಅವಳು ಕಿರಿಯ ಮಗುವಿನ ಕಾರ್ಡು ತೆರೆದು ಪದಗಳ ಮೇಲೆ ಒತ್ತಿದಳು. ಕಿವಿಯೊಳಗಿನ ಧ್ವನಿ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರಿ ಹಿರಿಯ ಮಗುವಿನ ಹೆಸರು ಹೇಳಿತು. "ಬಸ್ಸು ಬೇಡ. ಗುರುತಾಗಿದೆ." ಅವಳು ಮತ್ತೆ ಕೆಳಗಿಳಿದು ನಡುವಿನ ಮಗುವಿನ ಪದ ಒತ್ತಿದಳು. ಧ್ವನಿ ಮತ್ತೆ ಹಿರಿಯವನ ಹತ್ತಿರವೇ ಓಡಿತು. ಇದೇ ಕಚೇರಿಯವರು ಕಟ್ಟಿಕೊಟ್ಟ ಆಸ್ಪತ್ರೆಯ ಪುಟವೂ ಹೀಗೇ ಅಲ್ಲವೇ, ಒಂದು ತೆರೆದರೆ ಇನ್ನೊಂದು ಮಡಚಿಕೊಳ್ಳುವ ಕಾರ್ಡುಗಳು, ಹೆಸರು, ಕೆಳಗೆ ಪದ, ಪಕ್ಕದಲ್ಲಿ ಚೌಕ? ಅಮ್ಮನ ಕಾರ್ಡು ಅದರಲ್ಲಿ ಮೊದಲನೆಯದು. ಅವಳು ಒತ್ತಿದ್ದು ಫೋನಿನಲ್ಲಿ. ಫೋನಿನ ಧ್ವನಿ ಹೀಗೆ ಹಾರಿ ಹೋಗಿ ಸುದ್ದಿ ಹೇಳುವುದಿಲ್ಲ, ಬೆರಳಿದ್ದಲ್ಲೇ ಸುಮ್ಮನೆ ಕೂತಿರುತ್ತದೆ. ಅಂದರೆ ತಾನು ತನ್ನ ಹೆಸರಿನ ಕೆಳಗೇ ತಟ್ಟಿದ್ದೆ. ತನ್ನ ಬೆರಳು ಸರಿಯಾಗೇ ಇತ್ತು. ಇಡೀ ರಾತ್ರಿ ತನ್ನನ್ನೇ ತಾನು ತಿಂದುಕೊಂಡದ್ದು ಸುಮ್ಮನೆ. ಸಮಾಧಾನವಾಗಬೇಕಿತ್ತು, ಆದದ್ದು ಸಿಟ್ಟು, ಕಿವಿಯ ತುದಿಯವರೆಗೆ ಬಿಸಿಯಾಗುವಂಥ ಸಿಟ್ಟು.

ಈ ಕಾರ್ಡುಗಳನ್ನೆಲ್ಲ ಅಚ್ಚುಹಾಕುವ ಟೆಂಪ್ಲೇಟು ಬರೆದವನನ್ನು ಅವಳು ಮನಸ್ಸಿನಲ್ಲಿ ಗಂಟಲು ಎಂದು ಕರೆಯುತ್ತಿದ್ದಳು, ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದುದರಿಂದ. ಕರೆದು ಪಕ್ಕ ಕೂರಿಸಿ ತೋರಿಸಿದಳು. ಅವನು ತನ್ನ ಯಂತ್ರದಲ್ಲಿ ತೆರೆದು ನೋಡಿ, ಎರಡು ಸಲ ಗಂಟಲು ಸರಿಮಾಡಿಕೊಂಡು, "ಅಯ್ಯೋ, ಐಡಿ ಕಣ್ರೀ" ಅಂದ. ಚೌಕಕ್ಕೊಂದು ಐಡಿ, ಅಂದರೆ ಪುಟದೊಳಗಿನ ಗುರುತಿನ ಹೆಸರು. ಪದಗಳನ್ನು ಒತ್ತಿದರೆ ಆ ಐಡಿಯ ಚೌಕಕ್ಕೆ ಗುರುತು ಬೀಳಲಿ ಎಂದು ಬರೆದಿರುತ್ತದೆ. ಒಂದು ಪುಟದಲ್ಲಿ ಒಂದು ಐಡಿ ಒಂದಕ್ಕೇ ಇರಬೇಕು. ಇವನು ಅದನ್ನು ಟೆಂಪ್ಲೇಟಿನೊಳಗೇ ಗಟ್ಟಿಯಾಗಿ ಬರೆದುಬಿಟ್ಟಿದ್ದ, ಹಾಗಾಗಿ ಕಾರ್ಡು ಎಷ್ಟು ಸಲ ಅಚ್ಚಾಗುತ್ತದೋ ಅಷ್ಟು ಸಲ ಅದೇ ಐಡಿಯೂ ಅಚ್ಚಾಗುತ್ತಿತ್ತು. ಬ್ರೌಸರು ಅದಕ್ಕೆಲ್ಲ ಜಗಳ ತೆಗೆಯುವುದಿಲ್ಲ. ಹೆಸರು ಕೂಗಿದಾಗ ಮೊದಲು ಕೈಗೆ ಸಿಕ್ಕಿದವನನ್ನು ಎಳೆದು ತರುತ್ತದೆ, ಹಿಂದಿನವರು ಅದೇ ಹೆಸರಿಟ್ಟುಕೊಂಡು ನಿಂತೇ ಇರುತ್ತಾರೆ. "ಐಡಿ ಬಾಲಕ್ಕೆ ಆಯಾ ಕಾರ್ಡಿನ ನಂಬರು ಸೇರಿಸಿದ್ರೆ ಮುಗೀತು. ಇಲ್ಲಾ ಚೌಕಾನ ಪದದ ಒಳಗೇ ಇಟ್ಬಿಟ್ರೆ ಐಡಿನೇ ಬೇಡ. ಅರ್ಧ ಗಂಟೆ ಕೆಲಸ" ಅಂದ ಗಂಟಲು, ಖುಷಿಯಲ್ಲಿ. ಅವಳಿಗೆ ಅಮ್ಮನ ಕೈ ನೆನಪಾಯಿತು. ಉಪ್ಪಿನ ಡಬ್ಬಿಯೂ ಸಕ್ಕರೆ ಡಬ್ಬಿಯೂ ಒಂದೇ ಅಳತೆಯವು. ಸಕ್ಕರೆಯದಕ್ಕೆ ರಬ್ಬರ್ ಬ್ಯಾಂಡು. ಅಣ್ಣನ ಬ್ರಶ್ಶು, ಇವಳ ಬ್ರಶ್ಶು. ಇವಳದಕ್ಕೆ ದಾರದ ಗಂಟು. ಒಂದೇ ಥರದ್ದು ಎರಡು ಮನೆಯೊಳಗೆ ಬಂದ ತಕ್ಷಣ, ಚೀಲ ಬಿಚ್ಚುವ ಮೊದಲೇ, ಅಮ್ಮ ಒಂದಕ್ಕೆ ಗುರುತು ಹಾಕುತ್ತಿದ್ದಳು. ಹೇಳಿಕೊಟ್ಟವರು ಯಾರೂ ಇರಲಿಲ್ಲ. ಇಷ್ಟು ಸಂಬಳ ತೆಗೆದುಕೊಳ್ಳುವ ಇವರಿಗೆ ಅಷ್ಟು ಹೊಳೆಯಲಿಲ್ಲ ಎಂದು ಹಲ್ಲು ಕಚ್ಚಿದಳು. ಕಚ್ಚಿದ ಹಲ್ಲು ನೋಯದೆ ಇದ್ದದ್ದು ಮತ್ತಷ್ಟು ರೇಗಿಸಿತು.

"ಈ ಟೆಂಪ್ಲೇಟು ಆಸ್ಪತ್ರೆಗೂ ಹೋಗಿದೆಯಾ?" ಎಂದು ಕೇಳಿದಳು. ಗಂಟಲು ಕುರ್ಚಿ ಹಿಂದೆ ಸರಿಸಿದ. "ಎಲ್ಲದಕ್ಕೂ ಹೋಗಿದೆಯಲ್ಲ" ಅಂದ.

ಮ್ಯಾನೇಜರು ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಅವಳ ಎದುರು "ನೋಡಿ" ಎಂದು ಶುರುಮಾಡಿ, ಬೆಚ್ಚಿಬಿದ್ದು, ದನಿ ತಗ್ಗಿಸಿ "ಅಂದ್ರೆ, ಕೇಳಿ" ಎಂದು ತಿದ್ದಿಕೊಳ್ಳುವಷ್ಟು ಒಳ್ಳೆಯವನು. ಈ ಒಳ್ಳೆಯತನ ವಾರಕ್ಕೊಮ್ಮೆಯಾದರೂ ಅವಳ ಕೆನ್ನೆಗೆ ಬಾರಿಸಿದಂತೆ ಬೀಳುತ್ತಿತ್ತು. ಅವನ ಕೋಣೆಯಲ್ಲಿ ಫ್ಯಾನಿನ ರೆಕ್ಕೆಯೊಂದು ಸಡಿಲಾಗಿ ಟಕಟಕ ಅನ್ನುತ್ತಿತ್ತು; ಗಂಟಲು ಹೇಳಿ ಮುಗಿಸುವವರೆಗೂ ಅವಳು ಅದನ್ನೇ ಕೇಳುತ್ತ ನಿಂತಿದ್ದಳು. "ನೋಡಿ... ಅಂದ್ರೆ, ಕೇಳಿ. ತಪ್ಪು ಸಿಕ್ಕಿದ್ದು ಒಳ್ಳೇದೇ ಆಯ್ತು. ಮುಂದಿನ ಬಿಡುಗಡೆಯಲ್ಲಿ ಸರಿಮಾಡೋಣ, ಮುಂದಿನ ವಾರ. ಒಂದೇ ಮನೆಯವರು ಜಾಸ್ತಿ ಜನ ಇದ್ದು, ಅದರಲ್ಲೂ ಎರಡನೆಯವರದ್ದು, ಮೂರನೆಯವರದ್ದು ರದ್ದು ಮಾಡಬೇಕು, ಅದರಲ್ಲೂ ಪದದ ಮೇಲೇ ಒತ್ತಬೇಕು. ಅಪರೂಪಕ್ಕೆ ಆಗೋದು ಇದು. ಕಣ್ಣಿಗೆ ಸರಿಯಾಗೇ ಕಾಣುತ್ತಲ್ವಾ?" ಗಂಟಲು, "ಹ್ಞಾಂ ಸರ್, ಕಾಣೋಕೆ ಏನೂ ತೊಂದ್ರೆ ಇಲ್ಲ" ಅಂದ. ಅವಳು ತನ್ನ ಅಮ್ಮನ ಕಥೆ ಹೇಳಿದಳು. ಫ್ಯಾನು ಟಕಟಕ ಅಂದಿತು. ಮ್ಯಾನೇಜರು "ಅಯ್ಯೋ ಪಾಪ" ಅಂದ, ನಿಜವಾಗಿಯೇ ಅಂದ, ಅಂದು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, "ಆದ್ರೆ ರಿಪೋರ್ಟಿನಲ್ಲಿ ಆಸ್ಪತ್ರೆ ವಿಷಯ ಬರೀಬೇಡಿ. ಶಾಲೆ ಪುಟದ್ದು ಮಾತ್ರ ಸಾಕು. ಆಸ್ಪತ್ರೆಯವರು ಯಾರು ಪರೀಕ್ಷೆ ಮಾಡಿದ್ದು ಅಂತ ಕೇಳ್ತಾರೆ. ಆ ಟೆಂಪ್ಲೇಟನ್ನ ಪಾಸ್ ಮಾಡಿದ್ದು ಯಾರು ಹೇಳಿ?" ಅಂದ.

ಪಾಸ್ ಮಾಡಿದ್ದು ಅವಳೇ. ಅವಳಿಗೆ ನೆನಪಿತ್ತು. ಆಗ ಕೊಟ್ಟದ್ದು ಒಂಟಿ ಕಾರ್ಡು. ಒಬ್ಬ ರೋಗಿ, ಒಂದು ಹೆಸರು, ಒಂದು ಚೌಕ. ಪದ ಒತ್ತಿದರೆ ಚೌಕಕ್ಕೆ ಗುರುತು ಬೀಳುತ್ತಿತ್ತು, ಧ್ವನಿ ಮುತ್ತಿನಂತೆ ಹೇಳುತ್ತಿತ್ತು, "ತುಂಬ ಚೆನ್ನಾಗಿದೆ" ಎಂದು ಬರೆದು ಕೊಟ್ಟಿದ್ದಳು. ಇದು ಪುಟದಲ್ಲಿ ಎಷ್ಟು ಸಲ ಬರುತ್ತದೆ ಎಂದು ಅವಳು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಟೆಂಪ್ಲೇಟು ಎಂಬುದು ಇರುವುದೇ ಮತ್ತೆ ಮತ್ತೆ ಬರುವುದಕ್ಕೆ. ಅದನ್ನು ಒಂದೇ ಒಂದಾಗಿ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿಸುವುದು ಈ ಕಚೇರಿಯವರಿಗೆ ಮಾತ್ರ ಹೊಳೆಯುವಂಥ ಜಾಣತನ. ಆ ಜಾಣತನದ ಕೆಳಗೆ ತನ್ನದೂ ಒಂದು ಸಹಿ. ಮ್ಯಾನೇಜರಿನ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಬದಲು ಒಂದು ಬಗೆಯ ಸ್ನೇಹವಿತ್ತು, ಇಬ್ಬರೂ ಸೇರಿ ಮುಚ್ಚಿಕೊಳ್ಳೋಣ ಬನ್ನಿ ಎಂಬಂತೆ. ಅದು ಅವಳ ಪಿತ್ತ ನೆತ್ತಿಗೇರಿಸಿತು. "ಬರೀತೀನಿ. ಪಾಸ್ ಮಾಡಿದ್ದು ನಾನೇ ಅಂತಾನೂ ಬರೀತೀನಿ. ಒಂದೇ ಕಾರ್ಡು ಕೊಟ್ಟು ಪಾಸ್ ಮಾಡಿಸಿದ್ದು ನೀವು ಅಂತಾನೂ ಬರೀತೀನಿ. ಮುಂದಿನ ವಾರದೊಳಗೆ ಎಷ್ಟು ಜನರ ಅಮ್ಮಂದಿರು ಬೆಂಚಿನ ಮೇಲೆ ಕೂತಿರ್ತಾರೋ ನೀವೇ ಲೆಕ್ಕ ಹಾಕ್ಕೊಳ್ಳಿ" ಅಂದಳು. "ಯಾಕಿಷ್ಟು ಪರ್ಸನಲ್ ಆಗಿ ತಗೋತೀರಿ?" ಅಂದ ಮ್ಯಾನೇಜರು, ನೊಂದುಕೊಂಡು. ಅವಳು ಹೊರಗೆ ಬಂದು, ಕೂತು, ಬರೆದು ಕಳಿಸಿಯೇ ಬಿಟ್ಟಳು. ಬರೆಯುವಾಗ ಬೆರಳುಗಳು ಅಷ್ಟು ಜೋರಾಗಿ ಬೀಳುತ್ತಿದ್ದವೆಂದರೆ ಆಚೆ ಮೇಜಿನವರು ಮಾತು ನಿಲ್ಲಿಸಿದರು. ಕಳಿಸಿದ ಮೇಲೆ ಏನೋ ಗೆದ್ದಂತೆ ಅನಿಸಬೇಕಿತ್ತು. ಆ ಸಾಲುಗಳನ್ನು ಅಣ್ಣ ಓದುವುದಿಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸಂಜೆ ಮನೆಯ ಬಾಗಿಲು ತೆಗೆಯುವಾಗಲೇ ಅಣ್ಣನ ಚಪ್ಪಲಿ ಕಾಲಿಗೆ ತಾಗಿತು. ಅವನು ಅಮ್ಮನ ಹತ್ತಿರ ಕೂತು ಹೊಸ ದಿನ ಸಿಕ್ಕ ಸುದ್ದಿ ಹೇಳುತ್ತಿದ್ದ. ಯಾರದೋ ಕಾಲು ಹಿಡಿದು, ಇನ್ಯಾರದೋ ಹೆಸರು ಹೇಳಿ, ಯಾರೋ ಬಿಟ್ಟ ಜಾಗದಲ್ಲಿ ಅಮ್ಮನನ್ನು ತೂರಿಸಿದ್ದನಂತೆ. ಇದು ತಪ್ಪಿದರೆ ಮತ್ತೆ ಎಂದೋ, ದೇವರೇ ಬಲ್ಲ ಎಂದಿದ್ದರಂತೆ. ಅವನ ದನಿಯಲ್ಲಿ ದಣಿವಿತ್ತು, ಅದು ನಿಜವಾದದ್ದೇ ಎಂದು ಅವಳಿಗೂ ಗೊತ್ತಾಯಿತು. ಚೀಲ ಕೆಳಗಿಡದೆ, ನಿಂತ ಕಾಲಲ್ಲೇ, ಅವಳು ಶುರುಮಾಡಿದಳು. ಪುಟದ್ದೇ ತಪ್ಪು, ತನ್ನದಲ್ಲ, ಟೆಂಪ್ಲೇಟಿನದು, ಪದ ಒತ್ತಿದರೆ ಗುರುತು ಮೊದಲನೆಯ ಕಾರ್ಡಿಗೆ ಬೀಳುತ್ತದೆ, ಅಮ್ಮನದು ಮೊದಲನೆಯದು, ಆ ಹೊತ್ತಿಗೆ ಅದು ಮಡಚಿಕೊಂಡಿರುತ್ತದೆ. ಒಂದೇ ಉಸಿರಿಗೆ ಹೇಳಿದ್ದರಿಂದ ಸುಳ್ಳು ಹೇಳುವವರ ಮಾತಿನಂತೆ ಕೇಳಿಸಿತು, ಅವಳಿಗೇ. ಅಣ್ಣ ಪೂರ್ತಿ ಕೇಳಿದ. ಕೇಳಿ, "ಇರಬಹುದು" ಅಂದ. "ಇರಬಹುದು ಅಲ್ಲ, ಇದೆ!" "ಆಯ್ತಮ್ಮ, ಇದೆ. ಊರವರೆಲ್ಲ ಅದೇ ಪುಟ ಉಪಯೋಗಿಸ್ತಾರೆ, ಯಾರಿಗೂ ಆಗದ್ದು ನಮಗೇ ಆಯ್ತು. ಈಗ ಅದೆಲ್ಲ ಯಾಕೆ? ನಿನ್ನ ಯಾರು ಬೈದ್ರು?" ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ, "ನಿನ್ನ ಲ್ಯಾಪ್‌ಟಾಪು ಕೊಡು ಸ್ವಲ್ಪ. ಅಮ್ಮನ ಆಪರೇಷನ್ ದಿನಾನೇ ಬೆಳಿಗ್ಗೆ ನಂದೂ ರಕ್ತಪರೀಕ್ಷೆ ಇದೆ ಅಲ್ಲೇ, ಅದನ್ನ ತೆಗೆದುಹಾಕ್ಬೇಕು. ಫೋನಲ್ಲಿ ಅಕ್ಷರ ಸಣ್ಣ" ಅಂದ.

ಕೊಟ್ಟಳು. ಅವನು ಅಮ್ಮನ ಮಂಚದ ಪಕ್ಕದ ಮೇಜಿನ ಮೇಲಿಟ್ಟು ತೆರೆದು, "ಇದೇನೇ ಕತ್ತಲು" ಎಂದು ಬೆಳಕು ಏರಿಸಿದ. ಏರಿಸಿದ ಕೂಡಲೇ ಧ್ವನಿ ಹರಟಲು ಶುರುಮಾಡಿತು. "ಈ ವಟವಟ ನಿಲ್ಸೇ, ತಲೆ ಕೆಡುತ್ತೆ." ಅವಳು ಧ್ವನಿ ನಿಲ್ಲಿಸಲಿಲ್ಲ. ಕಿವಿಗೊಂದು ಇಯರ್‌ಫೋನು ಸಿಕ್ಕಿಸಿಕೊಂಡಳು. ಧ್ವನಿ ಕೋಣೆಯಿಂದ ಎದ್ದು ಬಂದು ಅವಳ ಕಿವಿಯೊಳಗೆ ಕೂತಿತು. ಅಣ್ಣ ಪಾಸ್‌ವರ್ಡು ಕುಟ್ಟಿದ. ಧ್ವನಿ ಅದನ್ನು ಚುಕ್ಕಿ ಚುಕ್ಕಿ ಎಂದು ಓದಿತು. ಅಷ್ಟಕ್ಕೂ ಅದನ್ನು ತಿಳಿದುಕೊಳ್ಳಬೇಕೆಂದು ಅವಳೇನೂ ಕಾದಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕಾರ್ಡುಗಳು ತೆರೆದವು. ಅಮ್ಮ, ಇವಳು, ಕೊನೆಗೆ ಅಣ್ಣ. ಅವನು ತನ್ನ ಕಾರ್ಡು ತೆರೆದ, ಉಳಿದವು ಮಡಚಿಕೊಂಡವು. ಮೌಸಿನ ಟಕ್ ಸದ್ದು. ಅವಳ ಕಿವಿಯಲ್ಲಿ ಧ್ವನಿ ಚಂಗನೆ ಮೇಲೆ ಹಾರಿ ಅಮ್ಮನ ಹೆಸರು ಹೇಳಿತು, ಯಾರೂ ಕರೆಯದ ಆ ಪೂರ್ತಿ ಹೆಸರು. "ರದ್ದು ಮಾಡಿ. ಗುರುತಾಗಿದೆ."

"ಇದೇನು, ಹಿಡೀತಾನೇ ಇಲ್ಲ" ಎಂದು ಅಣ್ಣ ಗೊಣಗಿದ. ತನ್ನ ಚೌಕ ಖಾಲಿ ಇದ್ದದ್ದು ಅವನಿಗೆ ಕಂಡಿರಬೇಕು. ಈ ಸಲ ಪದ ಬಿಟ್ಟು ನೇರ ಚೌಕವನ್ನೇ ಒತ್ತಿದ. ಧ್ವನಿ ಅವನ ಹೆಸರು ಹೇಳಿತು, ಗುರುತಾಗಿದೆ ಅಂದಿತು. "ಹಾಂ, ಬಂತು ನೋಡು." ಈಗ ಎರಡೂ ಗುರುತಾಗಿದ್ದವು. ಒಂದು ಅವನಿಗೆ ಕಾಣುತ್ತಿತ್ತು, ಇನ್ನೊಂದು ಮಡಚಿದ ಕಾರ್ಡಿನೊಳಗೆ ಕೂತಿತ್ತು. ಇನ್ನು ಕೆಳಗಿಳಿದು "ಖಚಿತಪಡಿಸಿ" ಒತ್ತುವುದೊಂದೇ ಬಾಕಿ. ಅವಳು ಮಾತಾಡಲಿಲ್ಲ. ಒತ್ತಲಿ. ಎರಡು ಕಣ್ಣು ಇಟ್ಟುಕೊಂಡು, ಬೆಳಕು ಏರಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು ಒತ್ತಲಿ. ಒತ್ತಿ, ಅಮ್ಮನನ್ನು ಹಸಿದ ಹೊಟ್ಟೆಯಲ್ಲಿ ಕರಕೊಂಡು ಹೋಗಿ, ಅದೇ ಕೌಂಟರಿನ ಮುಂದೆ ನಿಲ್ಲಲಿ. ನಿಮ್ಮ ಕಡೆಯಿಂದಲೇ ರದ್ದಾಗಿದೆ ಸರ್ ಅನ್ನಿಸಿಕೊಳ್ಳಲಿ. ಆಗ ನಾನು ಬೆಂಚಿನ ಮೇಲೆ ಕೂತು ಮೆತ್ತಗೆ, ತುಂಬ ಮೆತ್ತಗೆ, ಬೇಜಾರು ಮಾಡ್ಕೋಬೇಡ ಅನ್ನುತ್ತೇನೆ. ಈ ಮಾತು ಅವಳ ಬಾಯಲ್ಲಿ ಸಿಹಿ ತಿಂಡಿಯಂತೆ ಕರಗುತ್ತಿತ್ತು. ಮೌಸಿನ ಗಾಲಿ ಕಿರ್ ಎಂದು ತಿರುಗುತ್ತಿತ್ತು, ಪುಟ ಕೆಳಗಿಳಿಯುತ್ತಿತ್ತು. ಧ್ವನಿ ಬಾಣದ ಗುರುತಿನ ಕೆಳಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂತು, ವಿಳಾಸ, ಸೂಚನೆ, ಸಂಪರ್ಕಿಸಿ, ಹಿಂದಕ್ಕೆ, ಖಚಿತಪಡಿಸಿ. ಅಲ್ಲಿ ನಿಂತಿತು. ಅಣ್ಣ ಏನೋ ಓದಿಕೊಳ್ಳುತ್ತಿದ್ದ. ಮಂಚದ ಮೇಲೆ ಅಮ್ಮ ಉಸಿರನ್ನು ಅರ್ಧಕ್ಕೇ ಎಳೆದು ನಿಲ್ಲಿಸಿದಳು. ನೋವು ಬಂದಾಗ ಹಾಗೆ ಮಾಡುತ್ತಿದ್ದಳು.

"ನಿಲ್ಲೋ" ಅಂದಳು.

"ಏನು?"

"ಮೇಲೆ ಹೋಗಿ ಅಮ್ಮನ ಕಾರ್ಡು ತೆಗೆದು ನೋಡು."

ಗಾಲಿ ತಿರುಗಿತು. ಕಾರ್ಡು ತೆರೆದ ಸದ್ದಿಗೆ ಧ್ವನಿ ಮತ್ತೊಮ್ಮೆ ಆ ಪೂರ್ತಿ ಹೆಸರು ಹೇಳಿತು. ಅವಳು ತನ್ನ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಒತ್ತಿ ಹಿಡಿದು ಕಾದಳು, ಅಣ್ಣನ ಬಾಯಿಂದ ಬರಲಿರುವ ಮಾತಿಗೆ. ಯಾವ ಮಾತಾದರೂ ಸಾಕಿತ್ತು. ಅಯ್ಯೋ ಅಂದಿದ್ದರೂ ಸಾಕಿತ್ತು.

"ಬೆರಳು ಜಾರಿರಬೇಕು" ಅಂದ ಅಣ್ಣ. ಟಕ್ ಎಂದು ಗುರುತು ತೆಗೆದ. "ಸದ್ಯ, ನೋಡಿದ್ದು ಒಳ್ಳೇದಾಯ್ತು."

"ಆಗುತ್ತೆ ಬಿಡು, ದಣಿದಿದ್ದೀಯ" ಅಂದಳು ಅಮ್ಮ.

ಅವಳು ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. ಇಯರ್‌ಫೋನು ಕಿತ್ತು ಬಿತ್ತು. "ನಿನಗಾದ್ರೆ ಬೆರಳು! ನನಗಾದ್ರೆ ಕಣ್ಣು! ಅಲ್ವೇನೋ? ಎದುರಿಗೇ ಹೇಳಿದೀನಿ, ಪದ ಒತ್ತಿದ್ರೆ ಹೀಗಾಗುತ್ತೆ ಅಂತ. ಈಗಲೂ ಜಾರಿದ್ದೇ ಬೆರಳಾ ನಿಂದು? ನೋಡಿದ್ದು ಒಳ್ಳೇದಾಯ್ತಂತೆ! ಯಾರೋ ನೋಡಿದ್ದು? ನೋಡಿದವರು ಯಾರು ಹೇಳು!" ಕೂಗು ಮೇಲಿನ ಮಹಡಿಯವರೆಗೂ ಹೋಗಿರಬೇಕು, ಅಲ್ಲಿ ಯಾರೋ ಕುರ್ಚಿ ಸರಿಸಿದರು. "ಈಗೇನು, ಕಾಲಿಗೆ ಬೀಳ್ಲಾ?" ಅಂದ ಅಣ್ಣ. ಅವನ ದನಿಯೂ ಒಡೆದಿತ್ತು. "ಬೆಳಗಿಂದ ಅಲೆದೂ ಅಲೆದೂ ಸಾಕಾಗಿದೆ ನನಗೆ. ಬೇಕಾದ್ರೆ ತಗೋ, ನೀನೇ ನೋಡ್ಕೋ ಎಲ್ಲ, ನನಗೇನು ಹುಚ್ಚಾ?" ಪಾಸ್‌ವರ್ಡನ್ನು ಅವನು ಒಂದೊಂದೇ ಅಕ್ಷರವಾಗಿ, ಕಲ್ಲೆಸೆದಂತೆ ಹೇಳಿದ. ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿ ಹೋದ ಸದ್ದು, ಬರಿಗಾಲಿನ ಸದ್ದು, ಕೇಳಿಸಿತು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಕೂತುಕೊಂಡು, ತಡಕಾಡಿ ಇಯರ್‌ಫೋನು ಹುಡುಕಿ, ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು.

"ನಿನಗೆ ಮೊದಲೇ ಕೇಳಿಸಿತ್ತು" ಅಂದಳು ಅಮ್ಮ.

ಅವಳ ಬೆರಳು ಕೀಲಿಮಣೆಯ ಮೇಲೆ ನಿಂತಿತು.

"ನಾನು ನಿನ್ನ ಮುಖಾನೇ ನೋಡ್ತಿದ್ದೆ. ಅವನು ಮೊದಲನೇ ಸಲ ಟಕ್ ಅನ್ನಿಸಿದಾಗಲೇ ನಿನ್ನ ಮುಖ ಬದಲಾಯ್ತು. ಆಮೇಲೆ ಅವನು ಎಲ್ಲೆಲ್ಲೋ ಹೋಗಿ ಬಂದ. ನೀನು ಕೂತೇ ಇದ್ದೆ. ಎಷ್ಟು ಹೊತ್ತು ಕಾಯ್ಬೇಕು ಅಂತಿದ್ದೆ?"

"ಗೊತ್ತಿಲ್ಲಮ್ಮ" ಅಂದಳು.

"ಹೊಟ್ಟೆ ನಂದು ಕಣೆ" ಅಂದಳು ಅಮ್ಮ. ಸಿಟ್ಟಿನಿಂದಲ್ಲ, ಯಾವುದೋ ಚೀಲ ಯಾರದೆಂದು ಕೇಳಿದವರಿಗೆ ಹೇಳುವಂತೆ. "ಕಲ್ಲಿರೋದು ನನ್ನ ಹೊಟ್ಟೇಲಿ. ಅವನು ತಪ್ಪು ಮಾಡಿದ್ರೆ ನೀನು ಗೆಲ್ತೀಯ, ನೀನು ತಪ್ಪು ಮಾಡಿದ್ರೆ ಅವನು ಗೆಲ್ತಾನೆ. ಹಸ್ಕೊಂಡು ಬೆಂಚಿನ ಮೇಲೆ ಕೂರೋಳು ನಾನು. ನಿನ್ನೆಯಿಂದ ಒಬ್ಬರಾದ್ರೂ ನನ್ನ ಕೇಳಿದ್ರಾ, ಯಾರು ನೋಡ್ಕೋಬೇಕು ನಿಂದು ಅಂತ?" ಮಂಚ ಕಿರುಗುಟ್ಟಿತು. ಅಮ್ಮ ಎದ್ದು ಕೂರುತ್ತಿದ್ದಳು, ಪಕ್ಕೆ ಒತ್ತಿಕೊಂಡು, ನಡುನಡುವೆ ಉಸಿರು ಹಿಡಿದು. "ಆ ಖಾತೆ ನನ್ನ ಹೆಸರಿಂದೇ ಅಲ್ವಾ? ಆ ಪಾಸ್‌ವರ್ಡು ಅವನಿಗೂ ಬೇಡ, ನಿನಗೂ ಬೇಡ. ನನಗೆ ಹೇಳಿಕೊಡು, ನಾನು ಹಾಕ್ಕೋತೀನಿ ಬೇರೆ."

"ನಿನಗೆ ಅದೆಲ್ಲ ಯಾಕಮ್ಮ ತಲೆನೋವು, ಮಲಕ್ಕೋ" ಅಂದುಬಿಟ್ಟಳು. ಎಷ್ಟು ಮೆತ್ತಗೆ ಅಂದಳೆಂದರೆ, ಅಂದ ಮೇಲೆ ಆ ದನಿ ಅವಳ ಕಿವಿಗೇ ಬಿದ್ದು, ಮುಖ ಬಿಸಿಯಾಯಿತು. ಹಿಂತೆಗೆದುಕೊಳ್ಳಲು ನೋಡಿದಳು. ಸಿಟ್ಟು ಬಂತು, ಅಮ್ಮನ ಮೇಲೆ, ಇಂಥದ್ದನ್ನು ತನ್ನ ಬಾಯಿಂದ ಹೊರಡಿಸಿದ್ದಕ್ಕೆ. ಅಮ್ಮ ಕಾಲಿನಿಂದ ಸ್ಟೂಲನ್ನು ಹುಡುಕಿ, ನೆಲದ ಮೇಲೆ ಕಿರ್ರೆಂದು ಎಳೆದುಕೊಂಡು ಬಂದು, ಅವಳ ಕುರ್ಚಿಗೆ ತಾಗುವಂತೆ ಇಟ್ಟು ಕೂತಳು. ಅವಳ ಮೊಣಕೈಗೆ ಅಮ್ಮನ ಮೊಣಕೈ ತಗುಲಿತು, ತೆಗೆಯಲಿಲ್ಲ. "ಎಲ್ಲಿ ಒತ್ಬೇಕು?" ಎಂದು ಕೇಳಿದಳು ಅಮ್ಮ. ಅವಳು ಹಲ್ಲು ಕಚ್ಚಿಕೊಂಡೇ ಲ್ಯಾಪ್‌ಟಾಪನ್ನು ಅಮ್ಮನ ಕಡೆಗೆ ತಳ್ಳಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.